ಬೋಬಾ ಯಾರಿಗೂ ಕಾಯುವುದಿಲ್ಲ

ಮೊದಲ ಸಲ ಬಬಲ್ ಟೀ ಮಾಡಲು ಹೋದಾಗ ನನ್ನ ಪಾತ್ರೆಯಲ್ಲಿ ತಯಾರಾದದ್ದು ಗೋಂದು. ಉತ್ಪ್ರೇಕ್ಷೆ ಅಲ್ಲ, ಹರಿದ ಪುಸ್ತಕಕ್ಕೆ ರಟ್ಟು ಅಂಟಿಸಬಹುದಾಗಿತ್ತು. ಪ್ಯಾಕೆಟ್ಟಿನಲ್ಲಿದ್ದ ಒಣ ಬೋಬಾವನ್ನು, ಅಂದರೆ ಈ ಐಸ್ ಚಹಾದ ತಳದಲ್ಲಿರುವ, ಜಗಿದು ತಿನ್ನುವ ಗುಂಡುಗಳನ್ನು, ಕಾಳು ತೊಳೆದ ಹಾಗೆ ತೊಳೆದು, ತಣ್ಣೀರಲ್ಲಿ ನೆನೆಹಾಕಿ, ನಿಧಾನವಾಗಿ ಒಲೆ ಹಚ್ಚಿದ್ದೆ. ನೀರು ಬಿಸಿಯಾಗುವ ಹೊತ್ತಿಗೆ ಒಂದು ಗುಂಡೂ ಗುಂಡಾಗಿ ಉಳಿದಿರಲಿಲ್ಲ. ತಂಗಿ ಬಂದು ಪಾತ್ರೆಯೊಳಗೆ ಇಣುಕಿದಳು. "ಅಕ್ಕಾ, ಇದನ್ನ ಕುಡಿಯೋದಾ, ಅಂಟಿಸೋದಾ?"

ಆಮೇಲೆ ಗೊತ್ತಾಯಿತು, ತಪ್ಪು ತಣ್ಣೀರಿನದು. ಬೋಬಾ ಅಂದರೆ ಮರಗೆಣಸಿನಿಂದ ತೆಗೆದ ಹಿಟ್ಟು (ಟ್ಯಾಪಿಯೋಕಾ), ಅಂದರೆ ಬರೀ ಪಿಷ್ಟ. ತಣ್ಣೀರು ತಾಗಿದರೆ ಅದು ಬೇಯುವುದಿಲ್ಲ, ಸುಮ್ನೆ ಬಿಡಿಬಿಡಿಯಾಗಿ ನೀರಲ್ಲಿ ಹರಡಿಕೊಳ್ಳುತ್ತದೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ಸಿಕ್ಕಾಗ ಮಾತ್ರ ಪಿಷ್ಟದ ಕಣ ನೀರು ಕುಡಿದು, ಉಬ್ಬಿ, ಅಂಟಾಗುತ್ತದೆ. ಗುಂಡನ್ನು ನೇರವಾಗಿ ಕುದಿಯುವ ನೀರಿಗೆ ಬಿಟ್ಟರೆ ಹೊರಮೈ ತಕ್ಷಣ ಬೆಂದು ಚರ್ಮದ ಹಾಗೆ ಬಿಗಿದುಕೊಳ್ಳುತ್ತದೆ. ಒಳಗಿನ ಹಿಟ್ಟು ಒಳಗೇ ಉಳಿಯುತ್ತದೆ. ಹಾಗಾಗಿ ಈಗ ನನ್ನ ನಿಯಮ ಇಷ್ಟೇ: ತೊಳೆಯುವುದಿಲ್ಲ, ನೆನೆಸುವುದಿಲ್ಲ, ನೀರು ತಳದಿಂದ ಮೇಲಕ್ಕೆ ಉಕ್ಕಿ ಕುದಿಯುವ ತನಕ ಪ್ಯಾಕೆಟ್ ಕತ್ತರಿಸುವುದೂ ಇಲ್ಲ.

ಎರಡು ಲೋಟಕ್ಕೆ 50 ಗ್ರಾಂ ಒಣ ಬೋಬಾ ಸಾಕು. ನೀರು ಅದರ ಹತ್ತು ಪಟ್ಟು, ಅರ್ಧ ಲೀಟರ್. ನೀರು ಕಡಿಮೆ ಆದರೆ ಗುಂಡುಗಳು ಒಂದಕ್ಕೊಂದು ಅಂಟಿ ತಳ ಹಿಡಿಯುತ್ತವೆ. ಹಾಕಿದ ಕೂಡಲೇ ಒಂದೆರಡು ಸುತ್ತು ಸೌಟು ಆಡಿಸಬೇಕು. ಎಲ್ಲ ಮೇಲೆ ತೇಲಿದ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ 25 ನಿಮಿಷ. ಆಮೇಲೆ ಒಲೆ ಆರಿಸಿ, ಮುಚ್ಚಳ ಮುಚ್ಚಿ ಇನ್ನೂ 25 ನಿಮಿಷ. ಈ ಎರಡನೇ ಇಪ್ಪತ್ತೈದು ನಿಮಿಷವನ್ನು ನಾನು ಬಹಳ ದಿನ ಕದ್ದೆ. ಹೊರಗಡೆ ಮೆತ್ತಗೆ, ಪಳಪಳ ಅಂತ ಕಾಣುವ ಗುಂಡಿನ ಒಳಗೆ ಸುಣ್ಣದ ಪುಡಿಯಂಥ ಬಿಳಿ ಚುಕ್ಕೆ ಉಳಿದಿರುತ್ತಿತ್ತು. ಅಗಿದಾಗ ಹಲ್ಲಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಈಗ ಒಂದನ್ನು ತೆಗೆದು ಚಾಕುವಿನಲ್ಲಿ ಅರ್ಧ ಸೀಳಿ ನೋಡುತ್ತೇನೆ. ಬಿಳಿ ಕಂಡರೆ ಮುಚ್ಚಳ ಮತ್ತೆ ಮುಚ್ಚುತ್ತೇನೆ. ಐದೇ ನಿಮಿಷದಲ್ಲಿ ಬೇಯುವ ಬೋಬಾ ಕೂಡ ಸಿಗುತ್ತದೆ, ಅದನ್ನು ಮೊದಲೇ ಅರೆ ಬೇಯಿಸಿ ಒಣಗಿಸಿರುತ್ತಾರೆ. ಅದಕ್ಕೆ ಈ ಲೆಕ್ಕ ಹಚ್ಚಿದರೆ ಮತ್ತೆ ಗೋಂದೇ. ಪ್ಯಾಕೆಟ್ ಹಿಂದಿನ ಬರಹ ಓದಿ.

ಬೆಂದದ್ದನ್ನು ಸೋಸಿ, ತಣ್ಣೀರಲ್ಲಿ ಒಮ್ಮೆ ಜಾಲಾಡಿಸಿ, ಬ್ರೌನ್ ಶುಗರ್ ಪಾಕಕ್ಕೆ ಹಾಕಬೇಕು. ಬೋಬಾಕ್ಕೆ ಸ್ವಂತ ರುಚಿ ಅಂತ ಹೆಚ್ಚೇನೂ ಇಲ್ಲ, ಪಾಕದಲ್ಲಿ ಅರ್ಧ ಗಂಟೆ ಕೂತರೆ ಬರುತ್ತದೆ. ಪಾಕದಲ್ಲಿದ್ದರೆ ಒಂದಕ್ಕೊಂದು ಅಂಟುವುದೂ ಇಲ್ಲ.

ಎರಡನೇ ದೊಡ್ಡ ಪೆಟ್ಟು ಬಿದ್ದದ್ದು ಫ್ರಿಜ್‌ನಿಂದ. ಮರುದಿನ ಗೆಳತಿಯರು ಬರುವವರಿದ್ದರು. ಜಾಣತನ ಮಾಡಿ ಹಿಂದಿನ ರಾತ್ರಿಯೇ ಬೋಬಾ ಬೇಯಿಸಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟೆ. ಮಾರನೇ ದಿನ ತೆಗೆದರೆ ಜಲ್ಲಿಕಲ್ಲು! ಬಣ್ಣವೂ ಮಂಕಾಗಿತ್ತು, ಕಚ್ಚಿದರೆ ಪುಡಿಯಾಗುತ್ತಿತ್ತು. ಬೆಂದ ಪಿಷ್ಟ ತಣ್ಣಗಾದಾಗ ಅದರ ಎಳೆಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು, ಕುಡಿದ ನೀರನ್ನು ಹೊರಗೆ ತಳ್ಳುತ್ತವೆ. ಬ್ರೆಡ್ ಹಳಸಲಾಗಿ ಗಟ್ಟಿಯಾಗುವುದೂ ಹೀಗೇ. ಫ್ರಿಜ್‌ನ ಚಳಿಯಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಪಾಕದ ಸಮೇತ ಒಂದು ನಿಮಿಷ ಬಿಸಿ ಮಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ, ನಿಜ. ಆದರೆ ಮೊದಲಿನ ಆ ಪುಟಿಯುವ ಜಗಿತ ವಾಪಸ್ ಬರುವುದಿಲ್ಲ. ಬೆಂದ ಬೋಬಾದ ಆಯಸ್ಸು ಹೊರಗಿಟ್ಟರೆ ನಾಲ್ಕು ಗಂಟೆ. ಅಷ್ಟರೊಳಗೆ ಕುಡಿದು ಮುಗಿಸಬೇಕು. ನಾನು ಎಲ್ಲದಕ್ಕೂ ಅವಸರ ಮಾಡುವವಳು, ಅಥವಾ ಎಲ್ಲವನ್ನೂ ಮುಂಚೆಯೇ ಮಾಡಿಡುವವಳು. ಬೋಬಾ ಎರಡಕ್ಕೂ ಬಗ್ಗುವುದಿಲ್ಲ.

ಪ್ಯಾಕೆಟ್ ಬೇಡ, ನಾನೇ ಉಂಡೆ ಕಟ್ಟುತ್ತೇನೆ ಅಂತ ಹೊರಟ ಕಥೆ ಬೇರೆ. 100 ಗ್ರಾಂ ಮರಗೆಣಸಿನ ಹಿಟ್ಟಿಗೆ 60 ಮಿಲಿ ನೀರು, 45 ಗ್ರಾಂ ಬ್ರೌನ್ ಶುಗರ್. ನೀರು ಸಕ್ಕರೆ ಸೇರಿಸಿ ಕುದಿಸಿ, ಹಿಟ್ಟಿಗೆ ಸುರಿದು ಕಲಸುವುದು. ಕೇಳಲು ಎಷ್ಟು ಸುಲಭ ಅಲ್ವಾ? ಪಾಕ ಕುದಿಯುತ್ತಿರುವಾಗ ಫೋನ್ ಬಂತು. ಒಲೆ ಆರಿಸಿ ಮಾತಾಡಿ ಬಂದು, ಆರಿದ ಪಾಕವನ್ನೇ ಸುರಿದೆ. ಬಟ್ಟಲಿನಲ್ಲಿ ಆದದ್ದು ಒಂದು ವಿಚಿತ್ರ ಪದಾರ್ಥ. ಮುಷ್ಟಿಯಲ್ಲಿ ಹಿಸುಕಿದರೆ ಕಲ್ಲಿನಷ್ಟು ಗಟ್ಟಿ, ಅಂಗೈ ಬಿಚ್ಚಿದರೆ ಬೆರಳ ಸಂದಿಯಿಂದ ಹಾಲಿನ ಹಾಗೆ ಸೋರುತ್ತದೆ. ಬೆರಳಿನಿಂದ ಕುಟ್ಟಿದರೆ ಟಕ್ ಅನ್ನುತ್ತದೆ, ಮೆಲ್ಲಗೆ ಊರಿದರೆ ಬೆರಳು ಮುಳುಗುತ್ತದೆ. ತಂಗಿ ಅರ್ಧ ಗಂಟೆ ಅದರಲ್ಲೇ ಆಡಿದಳು. ಉಂಡೆ ಮಾತ್ರ ಒಂದೂ ಆಗಲಿಲ್ಲ.

ಹಿಟ್ಟಿನ ಒಂದಷ್ಟು ಭಾಗವಾದರೂ ಬೆಂದು ಅಂಟಾಗಬೇಕು, ಆ ಅಂಟೇ ಉಳಿದ ಹಸಿ ಹಿಟ್ಟನ್ನು ಹಿಡಿದಿಡುವುದು. ಈಗ ಹಿಟ್ಟಿನ ಮೂರನೇ ಒಂದು ಭಾಗವನ್ನು ಕುದಿಯುವ ಪಾಕಕ್ಕೇ ಹಾಕಿ, ಅದು ಪಾರದರ್ಶಕವಾಗಿ ಲೋಳೆಯಾಗುವ ತನಕ ತಿರುಗಿಸುತ್ತೇನೆ. ಒಲೆಯಿಂದ ಇಳಿಸಿ ಉಳಿದ ಹಿಟ್ಟು ಸೇರಿಸಿ, ಕೈ ತಡೆಯುವಷ್ಟು ಬಿಸಿಯಿರುವಾಗಲೇ ನಾದುತ್ತೇನೆ. ಕಿವಿಯ ಹಾಲೆಯಷ್ಟು ಮೆತ್ತಗಾದರೆ ಸರಿ. ಬಿರುಕು ಬಿಟ್ಟರೆ ಒಂದೆರಡು ಹನಿ ಬಿಸಿನೀರು, ಕೈಗೆ ಅಂಟಿದರೆ ಒಂದು ಚಿಟಿಕೆ ಹಿಟ್ಟು. ಬತ್ತಿಯ ಹಾಗೆ ಹೊಸೆದು, ಏಳೆಂಟು ಮಿಲಿಮೀಟರ್‌ಗೆ ಒಂದರಂತೆ ಕತ್ತರಿಸಿ, ಉಂಡೆ ಮಾಡುವುದು. ಬೆಂದ ಮೇಲೆ ಇನ್ನೂ ಉಬ್ಬುತ್ತವೆ, ಆಸೆಪಟ್ಟು ದೊಡ್ಡದು ಮಾಡಿದರೆ ಸ್ಟ್ರಾದಲ್ಲಿ ಸಿಕ್ಕಿಕೊಳ್ಳುತ್ತದೆ. ನೂರು ಗ್ರಾಂ ಹಿಟ್ಟಿಗೆ ನೂರಾರು ಉಂಡೆ. ಐವತ್ತು ಉಂಡೆಯ ಹೊತ್ತಿಗೆ ನನ್ನ ತಾಳ್ಮೆ ಮುಗಿದಿರುತ್ತದೆ, ಉಳಿದದ್ದೆಲ್ಲ ಚೌಕವಾಗಿಯೇ ನೀರಿಗೆ ಬೀಳುತ್ತದೆ. ರುಚಿಯಲ್ಲಿ ವ್ಯತ್ಯಾಸ ಇಲ್ಲ, ಇದುವರೆಗೆ ಯಾರೂ ದೂರಿಲ್ಲ. ಮುಂಚೆ ಮಾಡಿಡಬೇಕೆಂದರೆ ಹಸಿ ಉಂಡೆಯನ್ನೇ ಹಿಟ್ಟಲ್ಲಿ ಹೊರಳಿಸಿ ಫ್ರೀಜರಿಗೆ ಹಾಕಿ. ಹೊರಗೆ ತೆಗೆದು ಕರಗಿಸದೆ ನೇರವಾಗಿ ಕುದಿಯುವ ನೀರಿಗೆ ಬಿಡಬಹುದು.

ಇಷ್ಟೆಲ್ಲ ಆದ ಮೇಲೆ ಚಹಾ. ಇದರ ಹೆಸರಿನಲ್ಲಿರುವ ಬಬಲ್ ಬೋಬಾದ್ದಲ್ಲ ಅಂತ ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ತೈವಾನ್‌ನಲ್ಲಿ ಐಸ್ ಹಾಕಿ ಕುಲುಕಿದ ಚಹಾದ ಮೇಲೆ ಬರುತ್ತಿದ್ದ ನೊರೆಯಿಂದ ಬಂದ ಹೆಸರು ಅದು. ಗುಂಡುಗಳು ಸೇರಿದ್ದು ಆಮೇಲೆ, 1980ರ ದಶಕದಲ್ಲಿ. ಮೊದಲು ಮಾಡಿದ್ದು ನಾವು ಅಂತ ತೈಚುಂಗ್ ಮತ್ತು ತೈನಾನ್ ನಗರಗಳ ಎರಡು ಚಹಾ ಅಂಗಡಿಗಳು ಹತ್ತು ವರ್ಷ ಕೋರ್ಟಿನಲ್ಲಿ ಜಗಳ ಆಡಿದವು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು, ಮೊದಲಿಗರು ಯಾರು ಅನ್ನುವ ಚರ್ಚೆಯೇ ಬೇಡ ಅಂತ 2019ರಲ್ಲಿ ಕೋರ್ಟು ಕೈ ತೊಳೆದುಕೊಂಡಿತು. ಚೌಕದ ಬೋಬಾದವರಿಗೂ ಇದು ಅನ್ವಯಿಸುತ್ತದೆ ಅಂತ ನಾನು ಅಂದುಕೊಂಡಿದ್ದೇನೆ.

ನೊರೆ ಬರಬೇಕಾದರೆ ಕುಲುಕಲೇಬೇಕು. ಬಿಗಿ ಮುಚ್ಚಳದ ಗಾಜಿನ ಬಾಟಲಿ ಸಾಕು. ಬಿಸಿ ಚಹಾ ಹಾಕಿ ಕುಲುಕಬೇಡಿ, ಒಳಗಿನ ಆವಿ ಮುಚ್ಚಳ ಹಾರಿಸುತ್ತದೆ. ನಮ್ಮ ಅಡುಗೆಮನೆಯ ಗೋಡೆ ಒರೆಸಿ ಕಲಿತದ್ದು.

ಐಸ್ ಕರಗಿ ನೀರಾಗುತ್ತದೆ, ಆದ್ದರಿಂದ ಡಿಕಾಕ್ಷನ್ ದುಪ್ಪಟ್ಟು ಗಟ್ಟಿ ಇರಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗಟ್ಟಿ ಆಗಲಿ ಅಂತ ಚಹಾ ಪುಡಿಯನ್ನು ಹತ್ತು ನಿಮಿಷ ಬಿಟ್ಟೆ. ಗಟ್ಟಿ ಆಗಲಿಲ್ಲ, ಒಗರಾಯಿತು. ಹೊತ್ತು ಜಾಸ್ತಿ ಮಾಡಬಾರದು, ಪುಡಿ ಜಾಸ್ತಿ ಮಾಡಬೇಕು. 250 ಮಿಲಿ ನೀರಿಗೆ 8ರಿಂದ 10 ಗ್ರಾಂ ಕಪ್ಪು ಚಹಾ, ನಾಲ್ಕೈದು ನಿಮಿಷ, ಸೋಸಿಬಿಡಿ. ಗ್ರೀನ್ ಟೀ ಆದರೆ ಕುದಿಯುವ ನೀರು ಬೇಡ, 80 ಡಿಗ್ರಿಯ ಒಳಗೆ ಇರಲಿ. ಸಕ್ಕರೆ ತಣ್ಣನೆಯ ಚಹಾದಲ್ಲಿ ಸರಿಯಾಗಿ ಕರಗದೆ ತಳದಲ್ಲೇ ಕೂರುತ್ತದೆ, ಹಾಗಾಗಿ ಸಮಸಮ ನೀರು ಸಕ್ಕರೆಯ ಪಾಕ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ತಂಪಾದಾಗ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ. ಬಿಸಿಯಿದ್ದಾಗ ರುಚಿ ನೋಡಿ ಹಾಕಿದ ಸಿಹಿ ಐಸ್ ಬಿದ್ದ ಮೇಲೆ ಸಪ್ಪೆ.

ಗಟ್ಟಿ ಡಿಕಾಕ್ಷನ್ ಫ್ರಿಜ್‌ನಲ್ಲಿ ಕದಡಿದಂತೆ ಮಸುಕಾದರೆ ಚೆಲ್ಲಬೇಡಿ, ಕೆಟ್ಟಿಲ್ಲ. ಚಹಾದ ಕೆಫೀನ್ ಮತ್ತು ಒಗರಿನ ಅಂಶಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಹಾಗೆ ಕಾಣುತ್ತವೆ. ಸ್ವಲ್ಪ ಬಿಸಿನೀರು ಬೆರೆಸಿದರೆ ತಿಳಿಯಾಗುತ್ತದೆ. ಹಾಲು ಹಾಕುವುದಿದ್ದರೆ ಆ ಚಿಂತೆಯೂ ಇಲ್ಲ. ಹಾಲು ಮಾತ್ರ ಕೆನೆ ತೆಗೆಯದ್ದು ಇರಲಿ. ಅಂಗಡಿಯ ಬಬಲ್ ಟೀಯ ಆ ದಪ್ಪ ನಯ ಮನೆಯಲ್ಲಿ ಬರುವುದಿಲ್ಲ ಅಂತ ಕೊರಗುತ್ತಿದ್ದೆ. ಬಹಳ ಕಡೆ ಅದು ಹಾಲಿನಿಂದ ಬರುವುದಲ್ಲ, ಹಾಲಿಲ್ಲದ ಕ್ರೀಮರ್ ಪುಡಿಯಿಂದ. ತಿಳಿದ ಮೇಲೆ ಕೊರಗು ಹೋಯಿತು. ಹಾಲಿನ ಚಹಾಕ್ಕೆ ನಿಂಬೆಯನ್ನೋ ಪ್ಯಾಶನ್ ಫ್ರೂಟನ್ನೋ ಹಿಂಡಬೇಡಿ, ಒಡೆಯುತ್ತದೆ. ಹಣ್ಣು ಬೇಕಾದರೆ ಹಾಲು ಬಿಡಿ.

ಐಸ್ ಕರಗಿ ನೀರಾಗುವ ಲೆಕ್ಕ ಐಸ್ ಕಾಫಿಗೂ ಬಂತು. 20 ಗ್ರಾಂ ಕಾಫಿ ಪುಡಿಗೆ ಸಾಮಾನ್ಯವಾಗಿ 300 ಮಿಲಿ ನೀರು ಹಾಕುತ್ತೇನೆ ಅಂದುಕೊಳ್ಳಿ. ಅದರಲ್ಲಿ 120 ಗ್ರಾಂ ಐಸ್ ರೂಪದಲ್ಲಿ ಕೆಳಗಿನ ಲೋಟದಲ್ಲಿ ಇರುತ್ತದೆ, ಉಳಿದ 180 ಮಿಲಿ ಬಿಸಿನೀರು ಫಿಲ್ಟರ್ ಪೇಪರ್ ಮೂಲಕ ಅದರ ಮೇಲೆ ಇಳಿಯುತ್ತದೆ. ಘಮ ಹಾರಿಹೋಗುವ ಮುಂಚೆಯೇ ಕಾಫಿ ತಣ್ಣಗಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಬೋಬಾಗಿಂತ ಇದೇ ಇಷ್ಟ.

ಬಾಯಲ್ಲಿ ಪಟ್ ಅಂತ ಒಡೆಯುವ ರಸದ ಗುಂಡನ್ನೂ ಪ್ರಯತ್ನಿಸಿದ್ದೆ. ಅದಕ್ಕೆ ಪಿಷ್ಟದ ಸಂಬಂಧವೇ ಇಲ್ಲ. ಕಡಲಕಳೆಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ಬೆರೆಸಿದ ರಸವನ್ನು ಕ್ಯಾಲ್ಸಿಯಂ ಇರುವ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಸುತ್ತ ತೆಳ್ಳನೆ ಪೊರೆ ಕಟ್ಟುತ್ತದೆ. ನಿಂಬೆರಸ ಹಾಕಿದ ನನ್ನ ಮಿಶ್ರಣ ನೀರಿಗೆ ಬೀಳುವ ಮೊದಲೇ ಹೆಪ್ಪುಗಟ್ಟಿತು, ಹುಳಿ ಜಾಸ್ತಿ ಇದ್ದರೆ ಆಲ್ಜಿನೇಟ್ ಹಾಗೆ ಮಾಡುತ್ತದೆ. ಹುಳಿ ಕಡಿಮೆಯ ಹಣ್ಣಿನಲ್ಲಿ ಮಾಡಿದಾಗ ಚೆನ್ನಾಗಿ ಬಂತು. ಆದರೆ ಅರ್ಧ ಗಂಟೆ ಬಿಟ್ಟು ತಿಂದರೆ ಒಳಗಿನ ತನಕ ಗಟ್ಟಿ, ಒಡೆಯುವುದೇ ಇಲ್ಲ. ಅದಕ್ಕೂ ಕಾಯಲು ಬರುವುದಿಲ್ಲ.

ಈಗ ನಾನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತೇನೆ. ಐದು ಗಂಟೆಗೆ ಕುಡಿಯಬೇಕೆಂದರೆ ಮೂರೂವರೆಗೆ ಬೋಬಾ ನೀರಿಗೆ. ಅದು ಬೇಯುವಾಗ ಡಿಕಾಕ್ಷನ್ ಇಳಿಸಿ ಫ್ರಿಜ್‌ಗೆ. ಬೋಬಾ ಮುಚ್ಚಳದ ಕೆಳಗೆ ಕೂತಿರುವಾಗ ಪಾಕ. ನಾಲ್ಕೂವರೆಗೆ ಬೋಬಾ ಪಾಕದಲ್ಲಿ. ಐದಕ್ಕೆ ಲೋಟದ ತಳಕ್ಕೆ ಬೋಬಾ, ಪಕ್ಕಗಳಿಗೆ ಒಂದಿಷ್ಟು ಪಾಕ ಸವರಿ, ದೊಡ್ಡ ಐಸ್ ತುಂಡು, ಕುಲುಕಿದ ಚಹಾ. ಸ್ಟ್ರಾ ಹತ್ತರಿಂದ ಹನ್ನೆರಡು ಮಿಲಿಮೀಟರ್ ಅಗಲದ್ದೇ ಬೇಕು. ಪುಟ್ಟ ಮಕ್ಕಳಿಗೆ ಮಾತ್ರ ಬೋಬಾ ಹಾಕದೆ ಬರೀ ಪಾನೀಯ ಕೊಡುತ್ತೇನೆ, ಸ್ಟ್ರಾದಲ್ಲಿ ಎಳೆದ ರಭಸಕ್ಕೆ ಗುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಮೊನ್ನೆ ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು. ತಂಗಿಯನ್ನು ಕೂಗಿದೆ. "ಬಂದೆ ಅಕ್ಕಾ, ಹತ್ತೇ ನಿಮಿಷ" ಅಂದಳು ಒಳಗಿನಿಂದ. ಅವಳ ಲೋಟವನ್ನೂ ನಾನೇ ಕುಡಿದೆ.