ಹಣೆಗೆ ಪಟ್ಟಿ ಕಟ್ಟಿ ಕೈ ಪಳಗಿಸಿದ್ದು

ಲಕ್ವ ಹೊಡೆದವರ ಕೈಗೆ ವ್ಯಾಯಾಮ ಮಾಡಿಸುವಾಗ ಹಣೆಗೆ ಬೆಳಕಿನ ಪಟ್ಟಿ ಕಟ್ಟುತ್ತೇನೆ ಎಂದಾಗ ಜೊತೆಯ ಫಿಜಿಯೋಗಳು ನಕ್ಕಿದ್ದರು. "ಕೈ ಆಡಿಸೋ ಮೋಟಾರ್ ಕಾರ್ಟೆಕ್ಸ್ ನೆತ್ತಿ ಹತ್ರ ಇದೆ, ನೀನು ಹಣೆ ಹಿಡ್ಕೊಂಡು ಕೂತಿದ್ದೀಯಲ್ಲ ಮಾರಾಯ" ಅಂತ. ಪಟ್ಟಿ ಅವಕೆಂಪು ಬೆಳಕನ್ನು ತಲೆಯೊಳಗೆ ಬಿಟ್ಟು, ಮರಳಿ ಬಂದ ಬೆಳಕಿನಿಂದ ಮೆದುಳಿನ ರಕ್ತದ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದೆ; ಮೆದುಳಿನ ಆ ಭಾಗ ದುಡಿದರೆ ಗೆರೆ ಏಳುತ್ತದೆ. ನೆತ್ತಿಯಲ್ಲಿ ಬೆಳಕು ತಡೆಯುವ ಕೂದಲಿದೆ, ಹಣೆಯಲ್ಲಿಲ್ಲ. ಅದು ಒಂದು ಕಾರಣ. ಇನ್ನೊಂದು, ಕೈ ಹೊಸ ಕೆಲಸ ಕಲಿಯುವಾಗ ಹಣೆಯ ಹಿಂದಿನ ಮೆದುಳು, ಅಂದರೆ ಪ್ರಿಫ್ರಂಟಲ್, ಮೈಬಗ್ಗಿಸಿ ದುಡಿಯುತ್ತದೆ, ರೂಢಿಯಾಗುತ್ತಾ ಹೋದಂತೆ ಹಿಂದೆ ಸರಿಯುತ್ತದೆ. ಸರಿಯುವ ಆ ಹೊತ್ತು ಕಂಡರೆ ಅಭ್ಯಾಸವನ್ನು ಯಾವಾಗ ಬಿಗಿ ಮಾಡಬೇಕು ಅಂತ ಊಹಿಸುತ್ತಾ ಕೂರಬೇಕಿಲ್ಲ.

ಇಂಥದ್ದೇ ಕೆಲಸ ಮಾಡುವ ಕಂಪನಿ ಮಷೀನಿನ ಕೊಟೇಶನ್ ಲಕ್ಷಗಳಲ್ಲಿತ್ತು, ಮಡಚಿ ಇಟ್ಟೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದದ್ದು, ಆನ್‌ಲೈನ್ ತರಿಸಿದ್ದು ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಗಿರಬೇಕು. ಅದರಲ್ಲಿ ಅರ್ಧ ಕಸದ ಡಬ್ಬಿಗೆ. ಎಲ್ಲರೂ ಶುರು ಮಾಡುವ ಹಾಗೆ ನಾಡಿ ಅಳೆಯುವ ಪುಟ್ಟ ಚಿಪ್ ಮ್ಯಾಕ್ಸ್30102 ಅಂಟಿಸಿ ನೋಡಿದೆ. ನಾಡಿ ಚೆಂದ ಬಂತು, ಆದರೆ ಅದರ ಬೆಳಕೂ ಕಣ್ಣೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಚರ್ಮದಾಚೆಗೆ ಏನೂ ಕಾಣುವುದಿಲ್ಲ. ಆಮೇಲೆ 760 ಮತ್ತು 850 ನ್ಯಾನೋಮೀಟರ್ ಎಲ್‌ಇಡಿ, 30 ಮಿಲಿಮೀಟರ್ ದೂರದಲ್ಲಿ ಬೆಳಕು ಹಿಡಿಯುವ ಕಣ್ಣು ಒಪಿಟಿ101, ಎಲ್ಲವನ್ನೂ ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಟ್ಯೂಬ್‌ಲೈಟಿನ 100 ಹರ್ಟ್ಸ್ ಮಿಣುಕು ಎಲ್ಲವನ್ನೂ ನುಂಗಿತು. ಎಲ್‌ಇಡಿ ಆರಿಸಿದಾಗಿನ ಓದನ್ನು ಕಳೆದು, ಮೇಲೊಂದು ಕರಿಬಟ್ಟೆ ಸುತ್ತಿದ ಮೇಲೆ ತಹಬಂದಿಗೆ ಬಂತು. ಕುಂಕುಮ, ವಿಭೂತಿ ಒರೆಸಿಯೇ ಕಟ್ಟಬೇಕು. ಬಾಯಲ್ಲಿ ಎಲೆ-ಅಡಿಕೆ ಇದ್ದರಂತೂ ಕಣತಲೆಯ ಸ್ನಾಯು ಎಳೆದು ಗೆರೆ ಕುಣಿಯುತ್ತದೆ. ಉಗಿದು ಬನ್ನಿ ಅಂತ ಕಳಿಸುತ್ತೇನೆ. ಗೆರೆಯಲ್ಲಿ ಹೃದಯ ಬಡಿತ ಕಾಣದಿದ್ದರೆ ಆ ದಿನದ ಡೇಟಾ ಮುಟ್ಟುವುದೇ ಇಲ್ಲ.

"ಇದು ಹಣೆ ಚರ್ಮದ ರಕ್ತ ಅಷ್ಟೇ" ಅನ್ನುವ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೇ 8 ಮಿಲಿಮೀಟರ್ ದೂರದಲ್ಲಿ ಇನ್ನೊಂದು ಕಣ್ಣು ಇಟ್ಟೆ. ಅದು ನೋಡುವುದು ಚರ್ಮವನ್ನೇ. ದೂರದ ಓದಿನಿಂದ ಅದರ ಪಾಲನ್ನು ಕಳೆಯಬೇಕು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಣೆಗೊತ್ತಿ ಪರೀಕ್ಷಿಸಿದೆ: ಎರಡೂ ಗೆರೆ ಏರಿದವು, ಕಳೆದು ಉಳಿದದ್ದು ಹೆಚ್ಚುಕಡಿಮೆ ಸಪಾಟು. ನಕ್ಕವರಲ್ಲಿ ಒಬ್ಬರು ಈಗ ಸರ್ಕ್ಯೂಟ್ ಕೇಳುತ್ತಿದ್ದಾರೆ. ಸರ್ಕ್ಯೂಟ್ ಕೊಡುತ್ತೇನೆ, ಪಟ್ಟಿ ಜಾರದ ಹಾಗೆ ಒಳಗೆ ಏನು ಹಾಕಿದ್ದೇನೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಪಾಲು ಕಳೆಯುವ ಲೆಕ್ಕವೂ.

ನಡುವೆ ಒಂದು ತರಲೆ. ಸಾಗರದ ಕಡೆ ಅಡಿಕೆ ಸುಲಿಯುವ ಅಂಗಳಕ್ಕೆ ಪಟ್ಟಿ ಒಯ್ದೆ. ಮೆಟ್ಟುಗತ್ತಿಯ ಮುಂದೆ ಕೂತ ಅಮ್ಮ ಊರ ಸುದ್ದಿ ಹೇಳುತ್ತಲೇ ಸುಲಿಯುತ್ತಿದ್ದರು. ಕಣ್ಣು ಕತ್ತಿಯ ಮೇಲಿರಲಿಲ್ಲ, ಹೆಬ್ಬೆರಳು ಅಲಗಿನಿಂದ ಕೂದಲೆಳೆ ದೂರ. ಗೆರೆ ಮಲಗಿತ್ತು. "ಎಂಥದಾದ್ರೂ ಕಾಣ್ತಾ ಒಳಗೆ?" ಅಂತ ಕೇಳಿದರು. ಕತ್ತಿ ಬೇಡ ಅಂತ ಬರಿಯ ಕಾಯಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ಬುಟ್ಟಿಗೆ ಎಸೆಯಲು ಹೇಳಿದೆ. ಮಾತು ನಿಂತಿತು, ಐದಾರು ಸೆಕೆಂಡಿನಲ್ಲಿ ಗೆರೆ ಎದ್ದಿತು.

ಕ್ಲಿನಿಕ್ಕಿನಲ್ಲಿ ಈಗ ಹೀಗೆ: ಲೋಟ ಹಿಡಿಯುವುದು, ಗುಂಡಿ ಹಾಕುವುದು, ಯಾವುದೇ ಇರಲಿ, 20-30 ಸೆಕೆಂಡ್ ಕೆಲಸ, ನಡುವೆ ವಿರಾಮ. ವಿರಾಮ ಪ್ರತಿಸಲ ಒಂದೇ ಅಳತೆ ಬೇಡ, ರಕ್ತದೊತ್ತಡದ ಹತ್ತು ಸೆಕೆಂಡಿನ ಅಲೆ ಜೊತೆಗೂಡಿ ಮೋಸ ಮಾಡುತ್ತದೆ. ಗೆರೆ ಇಳಿಯತೊಡಗಿದ ಮೇಲೆ ಮಾತಿಗೆಳೆಯುತ್ತೇನೆ: "ಅಜ್ಜಾ, ಮೊಮ್ಮಗಳ ಮದುವೆ ಯಾವಾಗ?" ಲೋಟ ತುಳುಕದೆ ಉತ್ತರ ಬಂದರೆ ಮುಂದಿನ ಮೆಟ್ಟಿಲು, ಗೆರೆ ಮತ್ತೆ ಎದ್ದರೆ ಬಾಯಿಮುಚ್ಚಿ ಹಳೆಯದಕ್ಕೇ. ಕೈ ಸುಮಾರಾಗಿ ಆಡುವವರಲ್ಲಿ ಇದು ಫಲಿಸಿದೆ. ಬೆರಳೇ ಅಲುಗದವರಿಗೆ ಪಟ್ಟಿ ದಂಡ. ಮುಂಭಾಗದ ಮೆದುಳಿಗೇ ಪೆಟ್ಟಾಗಿದ್ದರೂ ಕಟ್ಟುವುದಿಲ್ಲ, ಅಲ್ಲಿ ಗೆರೆ ಮಲಗಿದ್ದರೆ ಕೆಲಸ ರೂಢಿಯಾಗಿದೆ ಎಂದರ್ಥವಲ್ಲ. ಅವರಿಗೆ ರಷ್ಯದ ನರಮನೋವಿಜ್ಞಾನಿ ಲೂರಿಯಾನ ಮುಷ್ಟಿ-ಅಂಚು-ಅಂಗೈ (ಕೈಯನ್ನು ಆ ಮೂರು ಭಂಗಿಯಲ್ಲಿ ಸರದಿಯಂತೆ ಇಡಿಸುವ ಪರೀಕ್ಷೆ) ಸಾಕು, ಅದಕ್ಕೆ ಬಿಡಿಗಾಸೂ ಖರ್ಚಿಲ್ಲ.