ಆಫೀಸ್ ಫೋನಿನಲ್ಲಿ ಕಾಲರ್ ಐಡಿ ಬಾರದಿದ್ದದ್ದು ಸರಿಯಾದ ಬಗೆ

ಇಪಿಎಬಿಎಕ್ಸ್‌ಗೆ (ಆಫೀಸಿನ ಒಳಗಿನ ಫೋನ್‌ಗಳನ್ನು ಹೊರಗಿನ ಲೈನಿಗೆ ಜೋಡಿಸುವ ಯಂತ್ರ) ಅನಲಾಗ್ ಲೈನ್ ಸೇರಿಸಿದ ಮೇಲೆ, ಹೊರಗಿನಿಂದ ಯಾರೇ ಕರೆದರೂ ಎಕ್ಸ್‌ಟೆನ್ಶನ್ (ಒಳಗಿನ ಫೋನ್) ಪರದೆಯಲ್ಲಿ ಟ್ರಂಕ್ (ಹೊರಗಿನ ಲೈನ್) ಸಂಖ್ಯೆಯಷ್ಟೇ ಕಾಣುತ್ತಿತ್ತು. ಮೊದಲು ಟ್ರಂಕ್ ವೈರ್ ಬಿಚ್ಚಿ, ಕಾಲರ್ ಐಡಿ ಇರುವ ಸಾದಾ ಫೋನನ್ನು ನೇರವಾಗಿ ಲೈನಿಗೆ ಹಾಕಿ ನೋಡಿದೆ. ನಂಬರ್ ಬಂತು. ಅಂದರೆ ಲೈನ್ ಸರಿಯಿದೆ, ತೊಂದರೆ ಇಪಿಎಬಿಎಕ್ಸ್‌ನದ್ದೇ. ಈ ಪರೀಕ್ಷೆ ಮಾಡದೆ ಸೆಟ್ಟಿಂಗ್‌ಗೆ ಕೈಹಾಕಲೇಬೇಡಿ.

ನಂಬರ್ ಬರುವ ಬಗೆ ಮುಖ್ಯವಾಗಿ ಎರಡು. ಎಫ್‌ಎಸ್‌ಕೆ (ಮೋಡೆಮ್ ಥರದ ಡೇಟಾ ಸಂಕೇತ) ಸಾಮಾನ್ಯವಾಗಿ ಮೊದಲ ಮತ್ತು ಎರಡನೇ ರಿಂಗ್‌ ನಡುವೆ ಬರುತ್ತದೆ. ಡಿಟಿಎಂಎಫ್ (ಫೋನಿನ ಬಟನ್ ಒತ್ತಿದಾಗ ಕೇಳುವಂಥ ಟೋನ್) ಹೆಚ್ಚಾಗಿ ಮೊದಲ ರಿಂಗ್‌ಗೂ ಮುಂಚೆ. ಲೈನ್ ಎಫ್‌ಎಸ್‌ಕೆ ಆಗಿದ್ದು, ಟ್ರಂಕ್ ಪೋರ್ಟ್ ಡಿಟಿಎಂಎಫ್‌ಗೆ ಸೆಟ್ ಆಗಿತ್ತು. ಅದನ್ನು ಬದಲಿಸಿದರೂ ನಂಬರ್ ಇಲ್ಲ! ಕಾರಣ, ಸ್ವಾಗತ ಧ್ವನಿ ಮೊದಲ ರಿಂಗ್‌ಗೇ ಕರೆ ಎತ್ತಿಕೊಳ್ಳುತ್ತಿತ್ತು. ಎತ್ತಿದ ಮೇಲೆ ಎಕ್ಸ್‌ಚೇಂಜ್ ಆ ಮಾಹಿತಿ ಕಳಿಸುವುದೇ ಇಲ್ಲ. ಎರಡನೇ ರಿಂಗ್ ಆದ ಮೇಲೆ ಎತ್ತುವಂತೆ ಮಾಡಿದ್ದೇ ತಡ, ನಂಬರ್ ಪೂರ್ತಿ ಮೂಡಿತು.

ಇನ್ನೊಂದು ಮಾತು. ಹೊರಗಿನ ಲೈನಿಗೆ 0 ಒತ್ತಬೇಕಾದ ಕಡೆ, ಮಿಸ್ಡ್ ಕಾಲ್ ಪಟ್ಟಿಯಿಂದ ವಾಪಸ್ ಕರೆದರೆ ಹೋಗುವುದಿಲ್ಲ. ಒಳಬರುವ ನಂಬರಿನ ಮುಂದೆ 0 ತಾನಾಗಿ ಸೇರುವ ಆಯ್ಕೆಯನ್ನು ಟ್ರಂಕ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ಕರೆ ವರ್ಗಾಯಿಸಿದಾಗ ರಿಸೆಪ್ಶನ್ ನಂಬರ್ ಕಾಣುತ್ತಿದ್ದರೆ, ಮೂಲ ನಂಬರ್ ದಾಟಿಸುವ ಆಯ್ಕೆ ಬೇರೆಯೇ ಇರುತ್ತದೆ; ಅದನ್ನೂ ನೋಡಿ.