ತೊಗರಿಯ ನೆಟೆ ರೋಗದ ಅಧ್ಯಯನಕ್ಕೆ ಆಧಾರ ಜೀನ್ ಆರಿಸುವ ಬಗೆ

ಕಲಬುರಗಿಯ ಕಪ್ಪು ನೆಲದಲ್ಲಿ ನೆಟೆ ರೋಗಕ್ಕೆ ಒಣಗುವ ತೊಗರಿಯನ್ನೂ ಅದನ್ನು ತಡೆದು ನಿಲ್ಲುವ ಟಿಎಸ್-3ಆರ್ ತಳಿಯನ್ನೂ ಹೋಲಿಸಿ, ಬೇರಿನೊಳಗೆ ಯಾವ ಜೀನ್ ಎಷ್ಟು ಚುರುಕಾಯಿತೆಂದು ಕ್ಯೂಪಿಸಿಆರ್‌ನಲ್ಲಿ (ಜೀನಿನ ಪ್ರತಿಗಳನ್ನು ಸುತ್ತುಸುತ್ತಾಗಿ ಹೆಚ್ಚಿಸುತ್ತಾ ಅಳೆಯುವ ವಿಧಾನ) ಅಳೆಯಹೊರಟವರು ಮೊದಲು ಆಧಾರ ಜೀನನ್ನು, ಅಂದರೆ ಎಲ್ಲ ಮಾದರಿಗಳಲ್ಲೂ ಒಂದೇ ಮಟ್ಟದಲ್ಲಿದ್ದು ಉಳಿದ ಜೀನ್‌ಗಳಿಗೆ ಅಳತೆಗೋಲಾಗುವ ಜೀನನ್ನು, ನಿಶ್ಚಯಿಸಿಕೊಳ್ಳಬೇಕು. ಹಿಂದಿನವರು ಬಳಸಿದರೆಂಬ ಒಂದೇ ಕಾರಣಕ್ಕೆ ಆಕ್ಟಿನ್ ಅಥವಾ ಜಿಎಪಿಡಿಎಚ್‌ನಂಥ ರೂಢಿಯ ಜೀನ್ ಹಿಡಿಯುವುದು ಸರಿಯಲ್ಲ. ತೂಕದ ಕಲ್ಲೇ ಚೀಲದಿಂದ ಚೀಲಕ್ಕೆ ಬದಲಾದರೆ ತೊಗರಿಯ ತೂಕವನ್ನು ನಂಬುವುದು ಹೇಗೆ?

ಬೇರೆ ಬೇರೆ ಕೆಲಸ ಮಾಡುವ 8ರಿಂದ 10 ಜೀನ್‌ಗಳನ್ನು ಆರಿಸಿ, ಎರಡೂ ತಳಿಗಳ, ರೋಗ ತಗುಲಿದ ಮತ್ತು ತಗುಲದ ಬೇರುಗಳ, ಎಲ್ಲ ದಿನಗಳ ಮಾದರಿಗಳಲ್ಲಿ ಅಳೆಯಿರಿ. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು: ರೋಗಗ್ರಸ್ತ ಬೇರಿನಲ್ಲಿ ನೆಟೆ ರೋಗ ತರುವ ಫ್ಯೂಸೇರಿಯಂ ಶಿಲೀಂಧ್ರದ ಆರ್‌ಎನ್‌ಎಯೂ ಸೇರಿರುತ್ತದೆ, ಮತ್ತು ಆಕ್ಟಿನ್, 18ಎಸ್‌ನಂಥ ಜೀನ್‌ಗಳು ಸಸ್ಯಕ್ಕೂ ಶಿಲೀಂಧ್ರಕ್ಕೂ ಬಹುಮಟ್ಟಿಗೆ ಹೋಲುತ್ತವೆ. ಆದ್ದರಿಂದ ಪ್ರತಿ ಪ್ರೈಮರನ್ನೂ (ಅಳೆಯಬೇಕಾದ ಜೀನನ್ನು ಗುರುತಿಸಿ ಹಿಡಿಯುವ ಡಿಎನ್‌ಎ ತುಣುಕು) ಶಿಲೀಂಧ್ರದ ಡಿಎನ್‌ಎ ಮೇಲೆ ಪ್ರತ್ಯೇಕವಾಗಿ ಪರೀಕ್ಷಿಸಿ, ಅಲ್ಲಿಯೂ ವರ್ಧಿಸುವುದನ್ನು ಕೈಬಿಡಿ. ಪ್ರೈಮರಿನ ದಕ್ಷತೆ (ಪ್ರತಿ ಸುತ್ತಿಗೆ ಪ್ರತಿಗಳು ಇಮ್ಮಡಿಯಾದರೆ ಶೇ. 100) ಶೇ. 90ರಿಂದ 110ರ ಒಳಗಿರಲಿ.

ಯಾವ ಜೀನ್ ಸ್ಥಿರವೆಂದು ಲೆಕ್ಕಹಾಕುವ ವಿಧಾನಗಳಾದ ಜೀನಾರ್ಮ್ ಮತ್ತು ನಾರ್ಮ್‌ಫೈಂಡರ್‌ಗೆ ಸಿಟಿ ಮೌಲ್ಯಗಳನ್ನು (ಸಂಕೇತ ನಿಗದಿತ ಮಟ್ಟ ಮುಟ್ಟಲು ಬೇಕಾದ ಸುತ್ತುಗಳ ಸಂಖ್ಯೆ) ಸಾಪೇಕ್ಷ ಪ್ರಮಾಣಕ್ಕೆ ಪರಿವರ್ತಿಸಿ ಕೊಡುವುದು ವಾಡಿಕೆ. ದಕ್ಷತೆ ಪೂರ್ಣವಾಗಿದ್ದರೆ, ಕನಿಷ್ಠ ಸಿಟಿ 20 ಇರುವಲ್ಲಿ 23 ಬಂದ ಮಾದರಿಯ ಪ್ರಮಾಣ 0.125 ಆಗುತ್ತದೆ. ಮೂರನೆಯ ವಿಧಾನವಾದ ಬೆಸ್ಟ್‌ಕೀಪರ್ ಮಾತ್ರ ಮೂಲ ಸಿಟಿಯನ್ನೇ ಕೇಳುತ್ತದೆ; ಅದರಲ್ಲಿ ಮಾನಕ ವಿಚಲನೆ 1 ಮೀರಿದ ಜೀನ್ ಅಸ್ಥಿರವೆಂದು ಎಣಿಕೆ.

2002ರಲ್ಲಿ ಬಂದ ಜೀನಾರ್ಮ್, ಜೀನ್‌ಗಳನ್ನು ಜೋಡಿಜೋಡಿಯಾಗಿ ಹೋಲಿಸಿ ಎಂ ಮೌಲ್ಯ ಕೊಡುತ್ತದೆ. ಅದು ಕಡಿಮೆಯಿದ್ದಷ್ಟೂ ಜೀನ್ ಸ್ಥಿರ. ಎಷ್ಟು ಜೀನ್ ಸಾಕೆಂಬುದನ್ನು ವಿ ಮೌಲ್ಯ ಹೇಳುತ್ತದೆ: ಎರಡರ ಬದಲು ಮೂರು ಜೀನ್ ಬಳಸಿದರೆ ಆಗುವ ವ್ಯತ್ಯಾಸವಾದ ವಿ2/3 ಎಂಬುದು 0.15ಕ್ಕಿಂತ ಕಡಿಮೆಯಾದರೆ ಎರಡು ಸಾಕು. ಆದರೆ ಒಟ್ಟಿಗೇ ಏರಿಳಿಯುವ ಎರಡು ಜೀನ್‌ಗಳನ್ನು ಅದು ಅತ್ಯಂತ ಸ್ಥಿರವೆಂದು ತಪ್ಪಾಗಿ ಎತ್ತಿ ಹಿಡಿಯಬಲ್ಲದು. 2004ರ ನಾರ್ಮ್‌ಫೈಂಡರ್, ರೋಗವಿರುವ ಮತ್ತು ಇಲ್ಲದ ಗುಂಪುಗಳ ಒಳಗಿನ ವ್ಯತ್ಯಾಸವನ್ನೂ ಗುಂಪುಗಳ ನಡುವಿನ ವ್ಯತ್ಯಾಸವನ್ನೂ ಬೇರೆಬೇರೆಯಾಗಿ ಲೆಕ್ಕಹಾಕುವುದರಿಂದ, ನೆಟೆ ರೋಗದಂಥ ಪ್ರಯೋಗಕ್ಕೆ ನಾನು ಅದನ್ನೇ ಹೆಚ್ಚು ನೆಚ್ಚುತ್ತೇನೆ. ಆರ್ ಎಂಬ ಕಂಪ್ಯೂಟರ್ ಭಾಷೆಯ ನಾರ್ಮ್‌ಕ್ಯೂಪಿಸಿಆರ್ ಪ್ಯಾಕೇಜಿನಲ್ಲಿ ಈ ಎರಡೂ ವಿಧಾನಗಳು ಉಚಿತವಾಗಿ ಸಿಗುತ್ತವೆ.

ರೆಫ್‌ಫೈಂಡರ್ ಎಂಬ ಸಾಧನ ಜೀನಾರ್ಮ್, ನಾರ್ಮ್‌ಫೈಂಡರ್, ಬೆಸ್ಟ್‌ಕೀಪರ್ ಮೂರರ ಜೊತೆಗೆ, ಜೀನ್ ಜೋಡಿಗಳ ಸಿಟಿ ಅಂತರ ನೋಡುವ ಡೆಲ್ಟಾ ಸಿಟಿ ವಿಧಾನವನ್ನೂ ಸೇರಿಸಿ, ನಾಲ್ಕರ ಶ್ರೇಯಾಂಕಗಳ ಗುಣೋತ್ತರ ಸರಾಸರಿ ತೆಗೆಯುತ್ತದೆ. ಸುಲಭ ನಿಜ; ಆದರೆ ಮೂಲ ಸಿಟಿ ಕೊಟ್ಟಾಗ ಎಲ್ಲ ಪ್ರೈಮರಿನ ದಕ್ಷತೆಯೂ ಶೇ. 100 ಎಂದು ಅದು ಭಾವಿಸುವುದರಿಂದ, ಅದರ ಪಟ್ಟಿಯೊಂದನ್ನೇ ನೆಚ್ಚಿ ನಿರ್ಧರಿಸಬೇಡಿ.

ಆರಿಸಿದ ಬಳಿಕ ರೋಗನಿರೋಧಕ್ಕೆ ಸಂಬಂಧಿಸಿದ ಒಂದು ಜೀನಿನ ಅಭಿವ್ಯಕ್ತಿಯನ್ನು ಅತಿ ಸ್ಥಿರ ಜೀನ್‌ಗಳಿಂದಲೂ ಅತಿ ಅಸ್ಥಿರ ಜೀನಿನಿಂದಲೂ ಲೆಕ್ಕಹಾಕಿ ನೋಡಿ. ಆಯ್ಕೆಯಿಂದ ಫಲಿತಾಂಶ ಎಷ್ಟು ಬದಲಾಗುತ್ತದೆಂಬುದು ಅಲ್ಲಿ ಕಾಣುತ್ತದೆ. ಬೇರಿನಿಂದ ಎಲೆಗೆ, ಅಥವಾ ನೆಟೆಯಿಂದ ಗೊಡ್ಡು ರೋಗಕ್ಕೆ ಅಧ್ಯಯನ ಹೊರಳಿದರೆ ಈ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.